ತಣ್ಣಗಿದ್ದಾಗ ಎರಡೇ ಕಿಕ್, ಗಿರಿ ಹತ್ತಿದರೆ ಬಂದ್: ಅಜ್ಜನ 1976ರ ಯೆಜ್ಡಿ, ನನ್ನ ಮೊದಲ ಗಾಡಿ ಕೆಲಸ

ಕೈಮರ_ಯೆಜ್ಡಿ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ನಾನೇ ಪಾನ ಹಿಡಿದು ಮಾಡ್ತಿರೋ ಮೊದಲ ಗಾಡಿ ಇದು. ಯಾವುದು ಮುಖ್ಯ ಯಾವುದು ಅಲ್ಲ ಅಂತ ಗೊತ್ತಾಗದೆ ಎಲ್ಲವನ್ನೂ ಬರೀತಿದ್ದೀನಿ, ಉದ್ದ ಆದ್ರೂ ಓದಿ.

ಗಾಡಿ ನಮ್ಮಜ್ಜಂದು. 1976ರ ಯೆಜ್ಡಿ 250 ಬೈಕು. ಕಿಡಿಗೆ ಪಾಯಿಂಟ್ ಸೆಟ್, ಬ್ಯಾಟರಿ ಚಾರ್ಜಿಗೆ 6 ವೋಲ್ಟ್ ಡೈನಮೊ, ಪೆಟ್ರೋಲ್ ಗಾಳಿ ಬೆರೆಸೋಕೆ ಜಿಕೋವ್ ಕಾರ್ಬೊರೇಟರ್. ಮೂಡಿಗೆರೆ ಕಡೆ ನಮ್ಮ ತೋಟದಿಂದ ಸಂತೆ, ಬ್ಯಾಂಕು, ಮದುವೆ, ಸಾವು ಎಲ್ಲದಕ್ಕೂ ಅಜ್ಜ ಇದರಲ್ಲೇ ಓಡಾಡಿದ್ದು. ಅವರು ತೀರಿಕೊಂಡ ಮೇಲೆ ಹದಿನಾಲ್ಕು ಮಳೆಗಾಲ ಕಾಫಿ ಮೂಟೆ ಪೇರಿಸೋ ಸ್ಟೋರಿನ ಮೂಲೇಲಿ ನಿಂತಿತ್ತು. ಹೊರಗೆ ತಂದಾಗ ಪಿಸ್ಟನ್ ಜಾಮ್, ಟ್ಯಾಂಕಿನೊಳಗೆ ತುಕ್ಕು, ಸೀಟಿನೊಳಗೆ ಇಲಿ ಗೂಡು. ವೈರಿಂಗಂತೂ ಇಲಿ ಕಡಿದು ಪುಡಿ ಆಗಿತ್ತು.

ಇಲ್ಲಿವರೆಗೆ ಆಗಿರೋದು: ಫ್ರೇಮ್ ಪೂರ್ತಿ ಬಿಚ್ಚಿ ಕಪ್ಪು ಪೌಡರ್ ಕೋಟಿಂಗ್. ಬ್ಲಾಕ್ ಬೋರ್ ಹೊಡೆಸಿ 0.50 ಓವರ್‌ಸೈಜ್ ಪಿಸ್ಟನ್. ಕಾರ್ಬೊರೇಟರ್ ಬಿಚ್ಚಿ ತೊಳೆದೆ, ಜೆಟ್ಟುಗಳಿಗೆ ನೈಲಾನ್ ದಾರ ಹಾಕಿ ಕ್ಲೀನ್ ಮಾಡಿದೆ. ಹೊಸ ವೈರಿಂಗ್ ಸೆಟ್, ಹೊಸ ಪ್ಲಗ್, ಹೊಸ ಪಾಯಿಂಟ್, ಗ್ಯಾಪ್ 0.4 ಮಿ.ಮೀ. ಫೀಲರ್ ಗೇಜ್‌ನಲ್ಲೇ ಇಟ್ಟಿದ್ದು. ಬ್ಯಾಟರಿಯೂ ಹೊಸದು, ರಾತ್ರಿ ಚಾರ್ಜರ್‌ಗೆ ಹಾಕಿಯೇ ಬೆಳಿಗ್ಗೆ ಹೊರಡೋದು.

ತೊಂದರೆ ಹೀಗಿದೆ. ಬೆಳಿಗ್ಗೆ ಕಾರ್ಬೊರೇಟರಿನ ಟಿಕ್ಲರ್ ಗುಂಡಿ ಒತ್ತಿ ಎರಡು ಕಿಕ್ ಹೊಡೆದ್ರೆ ಸ್ಟಾರ್ಟ್. ಊರೊಳಗೆ ಸೊಗಸಾಗಿ ಓಡುತ್ತೆ. ಭಾನುವಾರ ಬೆಳಗ್ಗೆ ಗಿರಿ ಕಡೆ ಹೊರಟು ಕೈಮರ ದಾಟಿ ಏರು ಹತ್ತೋಕೆ ಶುರು ಮಾಡಿದ್ರೆ, ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಮಿಸ್ ಹೊಡೆಯುತ್ತೆ, ಪಿಕಪ್ ಸತ್ತು ಹೋಗುತ್ತೆ, ನಿಲ್ಲುತ್ತೆ. ಅರ್ಧ ಗಂಟೆ ಬಿಟ್ಟು ಒದ್ದರೆ ಮತ್ತೆ ಸ್ಟಾರ್ಟ್. ಐದು ನಿಮಿಷ ಓಡಿ ಮತ್ತೆ ಬಂದ್. ಮೂರು ಭಾನುವಾರ ಹೀಗೇ ಆಯ್ತು. ಮೂರೂ ಸಲ ನ್ಯೂಟ್ರಲ್‌ನಲ್ಲಿ ಇಳಿಸಿಕೊಂಡು ಬಂದಿದ್ದೀನಿ.

ಮೂಡಿಗೆರೆ_ಕಣ

ಕಂಡೆನ್ಸರ್. ಪಾಯಿಂಟ್ ಜೊತೆಗಿದ್ದು ಕಿಡಿಗೆ ಜೋರು ಕೊಡೋ ಸಣ್ಣ ಸಾಮಾನು. ಬಿಸಿಯಾದ್ರೆ ಸಾಯೋದು, ತಣ್ಣಗಾದ್ರೆ ಬದುಕೋದು ಅದರ ಗುಣ. ಹೊಸದು ಹಾಕಿ.

ಹಾಸನ_ಲೇತ್

ತಮ್ಮಾ, ಮೊದಲು ಒಂದು ಹೇಳು. ಗಾಡಿ ನಿಂತ ತಕ್ಷಣ ಕಿಕ್ ಲಿವರ್ ಸಲೀಸಾಗಿ ಇಳಿಯುತ್ತಾ, ಬಿಗಿಯಾಗಿ ಹಿಡಿಯುತ್ತಾ?

ಇದನ್ನ ಯಾಕೆ ಮೊದಲು ಕೇಳ್ತೀನಿ ಅಂದ್ರೆ, ಬೋರ್ ಹೊಡೆಸಿ ಇನ್ನೂ ನೂರು ಇನ್ನೂರು ಕಿಲೋಮೀಟರೂ ಆಗಿಲ್ಲ. ಹೊಸ ಪಿಸ್ಟನ್ ಏರಿನಲ್ಲಿ ಕಾದು ಹಿಗ್ಗಿ ಬ್ಲಾಕಿಗೆ ಕಚ್ಚಿಕೊಳ್ಳೋಕೆ ನೋಡುತ್ತೆ. ನೀನು ಅದನ್ನೇ ಮಿಸ್ಸಿಂಗ್ ಅಂದ್ಕೊಂಡು ಮತ್ತೆ ಮತ್ತೆ ಒದ್ದರೆ ರಿಂಗು, ಬ್ಲಾಕು ಎರಡೂ ಗೀರು. ಇದು ಟೂ ಸ್ಟ್ರೋಕು, ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ ಬಿಟ್ಟರೆ ಪಿಸ್ಟನ್‌ಗೆ ಬೇರೆ ಎಣ್ಣೆ ಇಲ್ಲ. ಲೀಟರಿಗೆ 40 ಮಿ.ಲೀ., ಅಂದ್ರೆ 25ಕ್ಕೆ 1. ರನ್ನಿಂಗ್ ಇನ್ ಮುಗಿಯೋವರೆಗೆ, ಅಂದ್ರೆ ಹೊಸ ಪಿಸ್ಟನ್ ಪಳಗೋವರೆಗೆ, 50 ಹಾಕಿದ್ರೂ ನಡೆಯುತ್ತೆ. ಕಣ್ಣಳತೆ ಬೇಡ, ಅಳತೆ ಡಬ್ಬಿಯಲ್ಲಿ ಅಳೆದು ಹಾಕು.

ಪ್ಲಗ್ ಬಿಚ್ಚಿ ಬಣ್ಣ ನೋಡು. ಕಾಫಿ ಪುಡಿ ಬಣ್ಣ ಇದ್ರೆ ಸರಿ. ಬೆಳ್ಳಗಿದ್ರೆ ನಿಲ್ಲಿಸು, ಗಾಡಿ ಓಡಿಸಬೇಡ, ಇಲ್ಲಿಗೆ ಬಂದು ಹೇಳು.

ಬೇಲೂರು_ಮೇಷ್ಟ್ರು

ಲೇತ್ ಅಣ್ಣ ಕೇಳಿದ್ದಕ್ಕೆ ಮೊದಲು ಉತ್ತರ ಕೊಡಿ, ಆಮೇಲೆ ನನ್ನದು.

ಎಂಜಿನ್ ನಿಂತ ಆ ಕ್ಷಣದಲ್ಲೇ ನೋಡಬೇಕಾದ್ದು ಎರಡಿವೆ. ಮನೆಗೆ ಬಂದು ನೋಡಿದ್ರೆ ಸಿಗಲ್ಲ. ಒಂದು, ಟ್ಯಾಂಕಿನ ಮುಚ್ಚಳ ತೆಗೀರಿ. ಮುಚ್ಚಳದಲ್ಲಿ ಗಾಳಿ ಹೋಗೋ ಸಣ್ಣ ತೂತಿರುತ್ತೆ, ಅದು ಪೇಂಟಿನಿಂದಲೋ ತುಕ್ಕಿನಿಂದಲೋ ಮುಚ್ಚಿಹೋಗಿದ್ರೆ ಪೆಟ್ರೋಲ್ ಇಳಿದ ಹಾಗೆ ಟ್ಯಾಂಕಿನಲ್ಲಿ ನಿರ್ವಾತ ಆಗಿ ಕಾರ್ಬೊರೇಟರ್‌ಗೆ ಪೆಟ್ರೋಲ್ ಬರೋದು ನಿಲ್ಲುತ್ತೆ. ತೆಗೆದಾಗ ಉಸ್ ಅಂತ ಗಾಳಿ ಒಳಗೆ ನುಗ್ಗಿದ ಸದ್ದು ಬಂದು, ಗಾಡಿ ತಕ್ಷಣ ಸ್ಟಾರ್ಟ್ ಆದ್ರೆ ಅದೇ ರೋಗ. ಎರಡು, ಪ್ಲಗ್ ಬಿಚ್ಚಿ ವೈರಿಗೆ ಸಿಕ್ಕಿಸಿ, ಪ್ಲಗ್ಗಿನ ಮೈ ಹೆಡ್ಡಿಗೆ ತಾಗಿಸಿ ಹಿಡಿದು ಕಿಕ್ ಹೊಡೆದು ಕಿಡಿ ನೋಡಿ. ಪ್ಲಗ್ ತೂತಿನಿಂದ ದೂರ ಹಿಡೀರಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತೆ. ಕಿಡಿ ನೀಲಿಯಾಗಿ ಚಟ್ ಅನ್ನಬೇಕು.

ಇಷ್ಟು ನೋಡದೆ ಯಾವ ಸಾಮಾನೂ ತರಬೇಡಿ.

ಕೈಮರ_ಯೆಜ್ಡಿ

ಇವತ್ತು ಬೇಕೂಂತಲೇ ಪಾನ, ಟೆಸ್ಟರ್ ಎಲ್ಲ ಕಟ್ಟಿಕೊಂಡು ಹೋದೆ. ಅದೇ ಜಾಗ, ಅದೇ ಥರ ನಿಂತಿತು.

ಕಿಕ್ ಸಲೀಸು, ಬೆಳಿಗ್ಗೆ ಇದ್ದಷ್ಟೇ ಹಗುರ. ಮುಚ್ಚಳ ತೆಗೆದೆ, ಸದ್ದಿಲ್ಲ, ತೆಗೆದಿಟ್ಟೇ ಒದ್ದರೂ ಸ್ಟಾರ್ಟ್ ಆಗಲಿಲ್ಲ. ಪ್ಲಗ್ ಬಣ್ಣ ಕಂದು, ಲೇತ್ ಅಣ್ಣ ಹೇಳಿದ ಹಾಗೇ. ಕಿಡಿ ಮಾತ್ರ ಸರಿಯಿಲ್ಲ. ಮಂಜಿನ ಬೆಳಕಲ್ಲಿ ಕೈ ಅಡ್ಡ ಹಿಡಿದು ನೋಡಬೇಕಾಯ್ತು. ಹಳದಿ ಬಣ್ಣ, ಕೂದಲೆಳೆಯಷ್ಟು ತೆಳ್ಳಗೆ, ಮೂರು ಕಿಕ್ಕಿಗೆ ಒಂದು ಸಲ. ಮನೆಯಲ್ಲಿ ತಣ್ಣಗಿದ್ದಾಗ ಇದೇ ಪ್ಲಗ್ ದಪ್ಪ ನೀಲಿ ಕಿಡಿ ಕೊಟ್ಟಿತ್ತು.

ಅಂದ್ರೆ ಪೆಟ್ರೋಲ್ ಕಡೆ ಅಲ್ಲ, ಕರೆಂಟ್ ಕಡೆ ಅಂತ ಆಯ್ತು. ಕಂಡೆನ್ಸರ್‌ಗೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸೋಕೆ ಹೇಳಿದ್ದೀನಿ.

ಸಕಲೇಶಪುರ_ಘಾಟಿ

ಕಂಡೆನ್ಸರ್ ಬರೋವರೆಗೆ ಟ್ಯಾಂಕಿನ ವಿಷಯ ಹೇಳಿಬಿಡ್ತೀನಿ. ಒಳಗಿನ ತುಕ್ಕು ಏನು ಮಾಡಿದ್ರಿ? ಬೋಲ್ಟು ನಟ್ಟು ಹಾಕಿ ಕುಲುಕಿದ್ರೆ ಮೇಲಿನ ಪುಡಿ ಬರುತ್ತೆ, ಮೂಲೆಯದ್ದು ಬರಲ್ಲ. ನಾನು ನನ್ನ ಯೆಜ್ಡಿ ರೋಡ್‌ಕಿಂಗ್‌ಗೆ ಮಾಡಿದ್ದು ವಾಷಿಂಗ್ ಸೋಡಾ ಮತ್ತು ಬ್ಯಾಟರಿ ಚಾರ್ಜರ್. ಟ್ಯಾಪ್ ಬಿಚ್ಚಿ ತೂತು ಮುಚ್ಚಿ, ಸೋಡಾ ಕರಗಿಸಿದ ನೀರು ತುಂಬಿ, ಬಾಯಲ್ಲಿ ಕಬ್ಬಿಣದ ಸರಳು ಇಳಿಬಿಟ್ಟೆ. ಸರಳು ಟ್ಯಾಂಕಿಗೆ ಎಲ್ಲೂ ತಾಗಬಾರದು. ಪ್ಲಸ್ ಸರಳಿಗೆ, ಮೈನಸ್ ಟ್ಯಾಂಕಿಗೆ. ಒಂದು ರಾತ್ರಿ ಬಿಟ್ರೆ ತುಕ್ಕು ಸಡಿಲಾಗಿ ಬಿಟ್ಟುಕೊಳ್ಳುತ್ತೆ. ಬಯಲಲ್ಲಿ ಮಾಡಿ, ಹೈಡ್ರೋಜನ್ ಏಳುತ್ತೆ, ಹತ್ರ ಬೀಡಿ ಸಿಗರೇಟು ಬೇಡ. ಸ್ಟೇನ್‌ಲೆಸ್ ಸರಳು ಖಂಡಿತ ಬೇಡ, ಅದರಿಂದ ನೀರಿಗೆ ವಿಷ ಸೇರುತ್ತೆ.

ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಎಥನಾಲ್. ಅದು ಗಾಳಿಯ ತೇವ ಎಳೆದುಕೊಳ್ಳುತ್ತೆ. ನಮ್ಮ ಕಡೆ ಜೂನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಿದ್ರೆ ತಳದಲ್ಲಿ ನೀರು ಮತ್ತು ಎಥನಾಲ್ ಬೇರೆಯಾಗಿ ಕೂರುತ್ತೆ. ಮಳೆಗಾಲಕ್ಕೆ ಗಾಡಿ ಎತ್ತಿಡೋದಾದ್ರೆ ಟ್ಯಾಂಕೂ ಕಾರ್ಬೊರೇಟರೂ ಬರಿದು ಮಾಡಿಡಿ. ಹಳೇ ರಬ್ಬರ್ ಪೈಪು, ವಾಷರು ಕೂಡ ಇದಕ್ಕೆ ತಡೆಯಲ್ಲ, ಹೊಸದು ಹಾಕಿ.

ಕೈಮರ_ಯೆಜ್ಡಿ

ಘಾಟಿ ಸರ್, ಟ್ಯಾಂಕಿಗೆ ನಟ್ಟು ಹಾಕಿ ಕುಲುಕಿದ್ದಷ್ಟೇ. ನೀವು ಹೇಳಿದ ಹಾಗೆ ಈ ವಾರ ಮಾಡ್ತೀನಿ. ಬಣ್ಣ ಮುಟ್ಟಿಲ್ಲ, ಅಜ್ಜನ ಕಾಲದ ಬಂಗಾರದ ಗೆರೆ ಅರ್ಧ ಅಳಿಸಿದ್ರೂ ಹಾಗೇ ಇದೆ.

ಕಂಡೆನ್ಸರ್ ಬಂತು, ಹಾಕಿದೆ. ಅದೇ ಕಥೆ. ಎರಡು ಕಿಲೋಮೀಟರ್ ಜಾಸ್ತಿ ಓಡಿತು ಅಷ್ಟೇ.

ಮೂಡಿಗೆರೆ_ಕಣ

ಹಾಗಾದ್ರೆ ಕಾಯಿಲ್. ಪ್ಲಗ್ಗಿಗೆ ಕಿಡಿ ಕಳಿಸೋ ಸುರುಳಿ ಅದು, ಒಳಗಿನ ಸುತ್ತು ಕಾದಾಗ ಶಾರ್ಟ್ ಆಗುತ್ತೆ. ನನ್ನ ಹತ್ರ ಒಂದು ಒಳ್ಳೇದು ಇದೆ, ಬಂದು ತಗೊಂಡು ಹೋಗಿ, ಹಾಕಿ ನೋಡಿ. ದುಡ್ಡು ಬೇಡ.

ಕೈಮರ_ಯೆಜ್ಡಿ

ಕಣ ಅಣ್ಣ, ನಿಮ್ಮ ಮನೆಯ ಕಾಫಿಗೂ ಕಾಯಿಲ್‌ಗೂ ತುಂಬ ಥ್ಯಾಂಕ್ಸ್. ಹಾಕಿದೆ. ಇವತ್ತೂ ನಿಂತಿತು.

ನಿಜವಾಗಿ ಬೇಜಾರಾಗಿದೆ. ತಿಂಗಳುಗಟ್ಟಲೆ ಕೆಲಸ, ಕೂಡಿಟ್ಟ ದುಡ್ಡು ಎಲ್ಲ ಹಾಕಿದ್ದೀನಿ. ಹನ್ನೆರಡು ವೋಲ್ಟಿನ ಸಿಡಿಐ (ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಕಿಡಿ) ಸೆಟ್ ಹಾಕಿಸಿಬಿಡು ಅಂತಾರೆ ಮನೇಲಿ. ಹಾಕಿಸಲಾ?

ಬೇಲೂರು_ಮೇಷ್ಟ್ರು

ಹಾಕಿಸಬೇಡಿ. ಇನ್ನೊಂದು ಸಾಮಾನೂ ಕೊಳ್ಳಬೇಡಿ. ರೋಗ ಗೊತ್ತಿಲ್ಲದೆ ಸಾಮಾನು ಬದಲಾಯಿಸಿದ್ರೆ ಆ ರೋಗ ಹೊಸ ಸೆಟ್ಟಿನೊಳಗೂ ಬಂದು ಕೂರುತ್ತೆ.

ನಿಮ್ಮ ಮೊದಲ ಪತ್ರವನ್ನ ಮತ್ತೆ ಓದಿದೆ. ನಾವೆಲ್ಲ ‘ಬಿಸಿಯಾದ್ರೆ ನಿಲ್ಲುತ್ತೆ’ ಅಂತ ಓದಿಕೊಂಡ್ವಿ. ನೀವು ಬರೆದದ್ದು ಹಾಗಲ್ಲ, ‘ಭಾನುವಾರ ಬೆಳಗ್ಗೆ ಗಿರಿ ಹತ್ತಿದ್ರೆ ನಿಲ್ಲುತ್ತೆ’ ಅಂತ. ಈಗ ಮೂರು ಪ್ರಶ್ನೆ. ಮಧ್ಯಾಹ್ನ ಬಯಲು ರಸ್ತೆಯಲ್ಲಿ ದೂರ ಓಡಿಸಿದ್ದೀರಾ? ಗಿರಿ ಹತ್ತುವಾಗ ಹೆಡ್‌ಲೈಟ್ ಉರಿಸಿರ್ತೀರಾ? ಬ್ಯಾಟರಿ ಎಷ್ಟು ಆಂಪಿಯರ್ ಅವರ್‌ನದು, ಮೇಲೆ ಬರೆದಿರೋದು ನೋಡಿ ಹೇಳಿ.

ಕೈಮರ_ಯೆಜ್ಡಿ

ಕಡೂರು ರಸ್ತೆಯಲ್ಲಿ ಒಂದು ಮಧ್ಯಾಹ್ನ ಸುಡು ಬಿಸಿಲಲ್ಲಿ ಇಪ್ಪತ್ತು ಕಿಲೋಮೀಟರ್ ಹೋಗಿ ಬಂದಿದ್ದೆ. ನಿಲ್ಲಲಿಲ್ಲ ಮೇಷ್ಟ್ರೇ. ಏರಿಲ್ಲವಲ್ಲ ಅಂತ ಅದನ್ನ ಬರೀಲಿಲ್ಲ.

ಗಿರೀಲಿ ಬೆಳಿಗ್ಗೆ ಮಂಜು ಕವಿದಿರುತ್ತೆ, ಎದುರಿಗೆ ಜೀಪು ಬಂದ್ರೂ ಕಾಣಲ್ಲ. ಲೈಟ್ ಹಾಕದೆ ಹೋಗೋಕಾಗಲ್ಲ.

ಬ್ಯಾಟರಿ ಮೇಲೆ 6 ವೋಲ್ಟ್, 4.5 ಆಂಪಿಯರ್ ಅವರ್ ಅಂತ ಇದೆ. ಪೆಟ್ಟಿಗೆಯಲ್ಲಿ ಸುಲಭವಾಗಿ ಕೂರುತ್ತೆ ಅಂತ ತಂದಿದ್ದೆ.

ಬೇಲೂರು_ಮೇಷ್ಟ್ರು

ಲೆಕ್ಕ ಹಾಕೋಣ ಬನ್ನಿ. ಹೆಡ್‌ಲೈಟ್ ಬಲ್ಬು 25 ವ್ಯಾಟ್. 6 ವೋಲ್ಟಿನಿಂದ ಭಾಗಿಸಿದ್ರೆ 4 ಆಂಪಿಯರ್ ಮೇಲೆ. ಟೇಲ್ ಲೈಟ್, ಮೀಟರ್ ಬಲ್ಬು ಸೇರಿ ಇನ್ನೊಂದು. ಕಾಯಿಲ್ ಎಳೆಯೋದು ಸರಾಸರಿ ಎರಡು ಅಂದ್ಕೊಳ್ಳಿ. ಒಟ್ಟು ಏಳು. ಡೈನಮೊ ಒಂದು ಚೂರೂ ಕೊಡದಿದ್ರೆ ನಿಮ್ಮ ನಾಲ್ಕೂವರೆಯ ಬ್ಯಾಟರಿ ಏಳು ಆಂಪಿಯರ್ ಎಷ್ಟು ಹೊತ್ತು ಕೊಟ್ಟೀತು? ಅರ್ಧ ಗಂಟೆ ದಾಟಲ್ಲ. ನಿಮ್ಮ ಗಾಡಿ ನಿಲ್ಲೋದು ಎಷ್ಟು ಹೊತ್ತಿಗೆ? ಇಪ್ಪತ್ತೈದು ನಿಮಿಷಕ್ಕೆ.

ಮಧ್ಯಾಹ್ನ ಲೈಟಿಲ್ಲ, ಎಳೆಯೋದು ಎರಡೇ ಆಂಪಿಯರ್, ಅದಕ್ಕೇ ಕಡೂರು ರಸ್ತೆಯಲ್ಲಿ ಓಡಿತು. ಅರ್ಧ ಗಂಟೆ ನಿಲ್ಲಿಸಿದ್ರೆ ಸೋತ ಬ್ಯಾಟರಿ ಸ್ವಲ್ಪ ಚೇತರಿಸಿಕೊಳ್ಳುತ್ತೆ, ಕಿಕ್ಕಿಗೆ ಸಾಕಾಗುವಷ್ಟು. ನೀವು ಅದನ್ನ ‘ಎಂಜಿನ್ ತಣ್ಣಗಾಯ್ತು’ ಅಂದ್ಕೊಂಡ್ರಿ. ನಾವೂ ಅಂದ್ಕೊಂಡ್ವಿ. ದಿನಾ ರಾತ್ರಿ ಚಾರ್ಜರ್‌ಗೆ ಹಾಕ್ತಿದ್ದದ್ದು ಈ ರೋಗವನ್ನ ಮುಚ್ಚಿಟ್ಟಿತ್ತು.

ಇದು ನನ್ನ ಊಹೆ. ಟೆಸ್ಟರ್ ಇದೆಯಲ್ಲ, ಅಳೆದು ನೋಡಿ. ಎಂಜಿನ್ ಆಫ್ ಇದ್ದಾಗ ಬ್ಯಾಟರಿ ವೋಲ್ಟ್ ಎಷ್ಟು, ರೇಸ್ ಕೊಟ್ಟಾಗ ಎಷ್ಟು. ಚಾರ್ಜ್ ಆಗ್ತಿದ್ರೆ 7ರ ಆಸುಪಾಸಿಗೆ ಏರಬೇಕು. ಹಾಗೇ, ಚಾರ್ಜಿಂಗ್‌ನ ಕೆಂಪು ದೀಪ ಉರಿಯುತ್ತಾ ನೋಡಿ.

ಕೈಮರ_ಯೆಜ್ಡಿ

ಮೇಷ್ಟ್ರೇ, ಕೈ ನಡುಗ್ತಾ ಬರೀತಿದ್ದೀನಿ. ಎಂಜಿನ್ ಆಫ್: 6.3. ಸ್ಟಾರ್ಟ್ ಮಾಡಿ ರೇಸ್ ಕೊಟ್ಟಾಗ: 6.1. ಎಷ್ಟೇ ರೇಸ್ ಕೊಟ್ರೂ ಏರಲ್ಲ. ಲೈಟ್ ಹಾಕಿದ್ರೆ 5.8, ಕಣ್ಣೆದುರೇ ಇಳೀತಾ ಹೋಗುತ್ತೆ. ಇಪ್ಪತ್ತೆರಡನೇ ನಿಮಿಷಕ್ಕೆ 5.1 ಆದಾಗ ಗಾಡಿ ಮಿಸ್ ಹೊಡೀತು. ಅಂಗಳದಲ್ಲಿ ನಿಂತಲ್ಲೇ, ಏರೂ ಇಲ್ಲ ಗಿರಿಯೂ ಇಲ್ಲ.

ಕೆಂಪು ದೀಪದ ಜಾಗದಲ್ಲಿ ಬಲ್ಬೇ ಇಲ್ಲ. ಬರೀ ಹೋಲ್ಡರ್.

ಡೈನಮೊ ಸುಟ್ಟಿದೆಯಾ? ರಿವೈಂಡಿಂಗ್ ಮಾಡಿಸಬೇಕಾ?

ಹಾಸನ_ಲೇತ್

ತಡಿ ತಡಿ. ಡೈನಮೊ ಬಿಚ್ಚಬೇಡ. ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿದೆ ಅಂದ್ಯಲ್ಲ, ಡೈನಮೊ ಚಾರ್ಜನ್ನ ಹಿಡಿತದಲ್ಲಿಡೋ ರೆಗ್ಯುಲೇಟರ್ ಕೂರಿಸೋ ಜಾಗದಲ್ಲಿ ಕೋಟಿಂಗ್ ಕೆರೆದಿದ್ದೀಯಾ?

ಈ ಗಾಡಿಯಲ್ಲಿ ಕರೆಂಟ್ ಹೋಗೋದು ವೈರಿನಲ್ಲಿ, ವಾಪಸ್ ಬರೋದು ಗಾಡಿಯ ಮೈಯಲ್ಲಿ. ಫ್ರೇಮೇ ಅರ್ಧ ವೈರಿಂಗು. ರೆಗ್ಯುಲೇಟರ್‌ನ ತಳ ಫ್ರೇಮಿಗೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ಅರ್ತ್ ಆಗಬೇಕು. ಅದಕ್ಕೆ ಅರ್ತ್ ಸಿಗದಿದ್ರೆ ಡೈನಮೊ ಎಷ್ಟು ಚೆನ್ನಾಗಿದ್ರೂ ಚಾರ್ಜ್ ಕೊಡಲ್ಲ. ಹಳೇ ಪೇಂಟು ಸ್ಕ್ರೂ ಬಿಗಿದರೆ ಒಡೆದು ದಾರಿ ಬಿಡ್ತಿತ್ತು. ಪೌಡರ್ ಕೋಟಿಂಗ್ ಅನ್ನೋದು ಕಾಯಿಸಿ ಕರಗಿಸಿ ಮೆತ್ತಿದ ಪ್ಲಾಸ್ಟಿಕ್ಕು, ಅದು ಸುಲಭಕ್ಕೆ ಒಡೆಯಲ್ಲ. ನನ್ನ ಲೇತಿಗೆ ಬಂದ ಹುಡುಗರ ಗಾಡಿಗಳಲ್ಲಿ ಇದನ್ನ ಎಷ್ಟು ಸಲ ನೋಡಿದ್ದೀನೋ.

ಟೆಸ್ಟರನ್ನ ಬೀಪ್ ಸದ್ದಿಗೆ ಇಡು. ಒಂದು ಕಡ್ಡಿ ರೆಗ್ಯುಲೇಟರ್ ತಳಕ್ಕೆ, ಇನ್ನೊಂದು ಬ್ಯಾಟರಿಯ ಅರ್ತ್ ತುದಿಗೆ. ಬೀಪ್ ಬರಬೇಕು.

ಕೈಮರ_ಯೆಜ್ಡಿ

ಬೀಪ್ ಇಲ್ಲ.

ಕಡ್ಡಿ ಒತ್ತಿ ಒತ್ತಿ ನೋಡಿದೆ. ಎಂಜಿನ್ನಿಗೂ ಬ್ಯಾಟರಿಗೂ ಬರುತ್ತೆ, ರೆಗ್ಯುಲೇಟರ್ ತಳಕ್ಕೆ ಮಾತ್ರ ಇಲ್ಲ. ಸ್ಕ್ರೂ ಬಿಚ್ಚಿ ತೆಗೆದೆ, ಕೆಳಗೆ ಕಪ್ಪು ಕೋಟಿಂಗ್ ಕನ್ನಡಿ ಹಾಗಿತ್ತು, ಗೀರು ಕೂಡ ಬಿದ್ದಿರಲಿಲ್ಲ. ಸ್ಕ್ರೂ ಹೋಗೋ ತೂತಿನೊಳಗೂ ಕೋಟಿಂಗ್ ತುಂಬಿತ್ತು.

ಬ್ಲೇಡಿನಲ್ಲಿ ಕೆರೆದು, ಎಮೆರಿ ಪೇಪರ್ ಹಾಕಿ ಉಜ್ಜಿದೆ. ಎಂಟಾಣೆ ಅಗಲಕ್ಕೆ ಬೆಳ್ಳಗೆ ಕಬ್ಬಿಣ ಕಾಣೋವರೆಗೆ. ಹಲ್ಲಿನ ವಾಷರ್ ಹಾಕಿ ಬಿಗಿದೆ. ಜೊತೆಗೆ ರೆಗ್ಯುಲೇಟರ್ ತಳದಿಂದ ನೇರ ಬ್ಯಾಟರಿ ಅರ್ತ್‌ಗೆ ಒಂದು ದಪ್ಪ ವೈರೂ ಎಳೆದೆ. ಮೇಲೆ ತುಕ್ಕು ಹಿಡೀದಿರಲಿ ಅಂತ ಗ್ರೀಸ್ ಸವರಿದೆ.

ಸ್ಟಾರ್ಟ್ ಮಾಡಿ ರೇಸ್ ಕೊಟ್ಟೆ. 6.4. 6.8. 7.1. ಅಲ್ಲೇ ನಿಂತಿತು. ಲೈಟ್ ಹಾಕಿದೆ, 6.9. ಅಜ್ಜಿ ಒಳಗಿಂದ ಬಂದು ‘ಈಗ ಸದ್ದು ಸರಿಯಾಯ್ತು ನೋಡು’ ಅಂದ್ರು. ಟೆಸ್ಟರಿನಲ್ಲಿ ಏನಿದೆ ಅಂತ ಅವರು ನೋಡಿಯೂ ಇರಲಿಲ್ಲ.

ಬೇಲೂರು_ಮೇಷ್ಟ್ರು

ತುಂಬ ಸಂತೋಷ. ಬ್ಯಾಟರಿ ದೊಡ್ಡದು ಹಾಕಿ, ಈ ಗಾಡಿಗಳಿಗೆ 14 ಆಂಪಿಯರ್ ಅವರ್‌ನದು ಬರ್ತಿತ್ತು. ಕೆಂಪು ದೀಪಕ್ಕೆ ಇವತ್ತೇ ಬಲ್ಬು ತನ್ನಿ. ಅದೊಂದು ಇದ್ದಿದ್ರೆ ಮೊದಲ ದಿನವೇ ನಿಮಗೆ ಹೇಳಿಬಿಡ್ತಿತ್ತು. ಕಣ ಅವರ ಕಾಯಿಲ್ ವಾಪಸ್ ಕೊಟ್ಟು ನಿಮ್ಮದನ್ನೇ ಹಾಕಿ, ಅದರಲ್ಲಿ ದೋಷ ಇರಲಿಲ್ಲ.

ಕೆಎ18_ಹಳೇಗಾಡಿ

ಗಾಡಿ ಓಡಿತು, ಈಗ ಕಾಗದ. ಆರ್‌ಸಿ ಇನ್ನೂ ಅಜ್ಜನ ಹೆಸರಲ್ಲೇ ಇದೆಯಾ? ಮಾಲೀಕರು ತೀರಿಕೊಂಡಿದ್ರೆ ವಾರಸುದಾರರ ಹೆಸರಿಗೆ ಮಾಡಿಸೋಕೆ ಫಾರಂ 31. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನವೀಕರಣ, ಅದಕ್ಕೆ ಫಾರಂ 25. ಚಾಸಿ ನಂಬರ್ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೀತಾರೆ, ಹಾಗಾಗಿ ಕೋಟಿಂಗ್ ಅಡಿಯಲ್ಲಿ ನಂಬರ್ ಮುಚ್ಚಿಹೋಗಿದ್ರೆ ನಿಧಾನವಾಗಿ ಬಿಡಿಸಿ. ಗ್ರೈಂಡರ್ ಹತ್ರ ತರಬೇಡಿ, ನಂಬರ್ ಹಾಳಾದ್ರೆ ಗಾಡಿ ಗುಜರಿಗೆ ಸಮ.

1976ರದ್ದಕ್ಕೆ ಐವತ್ತು ತುಂಬುತ್ತೆ ಅಂತ ವಿಂಟೇಜ್ ನೋಂದಣಿ ಮಾಡಿಸು ಅಂತ ಯಾರಾದ್ರೂ ಹೇಳ್ತಾರೆ. 2021ರ ನಿಯಮದಲ್ಲಿ ಅದಕ್ಕೆ ವಿಎ ಸರಣಿಯ ನಂಬರ್, ಶುಲ್ಕ 20,000 ರೂಪಾಯಿ. ಆದ್ರೆ ಆಮೇಲೆ ಪ್ರದರ್ಶನ, ರ್‍ಯಾಲಿ, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು, ದಿನಾ ಓಡಿಸುವ ಹಾಗಿಲ್ಲ. ನೀವು ಓಡಿಸೋಕೇ ಮಾಡಿದ್ದು, ಮಾಮೂಲಿ ನೋಂದಣಿಯನ್ನೇ ಉಳಿಸಿಕೊಳ್ಳಿ ಅನ್ನೋದು ನನ್ನ ಅಭಿಪ್ರಾಯ.

ಸಕಲೇಶಪುರ_ಘಾಟಿ

ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ. ಮೈಸೂರು ಯಾದವಗಿರಿಯ ಫ್ಯಾಕ್ಟರಿಯಲ್ಲಿ 1961ರಲ್ಲಿ ಜಾವಾ ಹೆಸರಲ್ಲಿ ಶುರುವಾದ ಗಾಡಿ, 1996ರಲ್ಲಿ ಬಾಗಿಲು ಹಾಕಿದ ಮೇಲೂ ಇಷ್ಟು ಜನ ಓಡಿಸ್ತಿದ್ದಾರೆ ಅಂತ ಕಣ್ಣಾರೆ ನೋಡಬಹುದು. ತಪ್ಪದೆ ಬನ್ನಿ.

ಕೈಮರ_ಯೆಜ್ಡಿ

ಇವತ್ತು ಬೆಳಿಗ್ಗೆ ಆರೂಕಾಲಿಗೆ ಹೊರಟೆ. ರಾತ್ರಿ ಚಾರ್ಜರ್‌ಗೆ ಹಾಕಿರಲಿಲ್ಲ, ಬೇಕೂಂತಲೇ. ಕೈಮರದಿಂದಲೇ ಮಂಜು, ಲೈಟ್ ಹಾಕಿದೆ. ಪ್ರತಿ ಸಲ ನಿಲ್ಲೋ ತಿರುವು ಬಂತು, ಕಿವಿ ಎಲ್ಲ ಎಂಜಿನ್ ಮೇಲೆ. ನಿಲ್ಲಲಿಲ್ಲ. ಎರಡನೇ ಗೇರಿನಲ್ಲಿ ಸೀತಾಳಯ್ಯನಗಿರಿವರೆಗೆ ಒಂದೇ ಸಮ ಹತ್ತಿತು. ಮೇಲೆ ನಿಲ್ಲಿಸಿ, ಆರಿಸಿ, ತಕ್ಷಣ ಒದ್ದೆ. ಒಂದೇ ಕಿಕ್.

ಕಣ ಅಣ್ಣ, ಕಾಯಿಲ್ ಬುಧವಾರ ತಂದುಕೊಡ್ತೀನಿ. ಅಜ್ಜಿ ಕಿತ್ತಳೆ ಕಟ್ಟಿಕೊಟ್ಟಿದ್ದಾರೆ.

ಒಂದು ಉಳಿದಿದೆ. ಇಳಿದು ಬಂದ ಮೇಲೆ ಐಡ್ಲಿಂಗ್ ತಾನಾಗಿ ಏರುತ್ತೆ, ಆಕ್ಸಿಲರೇಟರ್ ಬಿಟ್ಟರೂ ಬೇಗ ಇಳಿಯಲ್ಲ. ಬಿಳಿ ಹೊಗೆ ಇಲ್ಲ, ಗೇರ್ ಆಯಿಲ್ ಮಟ್ಟ ಹಾಗೇ ಇದೆ. ಕೇಬಲ್ ಸಿಕ್ಕಿಕೊಂಡಿಲ್ಲ, ನೋಡಿದೆ. ಈ ಸಲ ಏನೂ ಕೊಂಡಿಲ್ಲ, ಮೊದಲು ಕೇಳ್ತಿದ್ದೀನಿ.

ಹಾಸನ_ಲೇತ್

ಸರಿಯಾಗಿ ನೋಡಿದ್ದೀಯ. ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್, ಅಂದ್ರೆ ಎಂಜಿನ್ ದಂಡದ ಸುತ್ತ ಎಣ್ಣೆ, ಗಾಳಿ ತಡೆಯೋ ರಬ್ಬರ್ ಬಳೆ, ಹೋಗಿದ್ರೆ ಗೇರ್ ಆಯಿಲ್ ಎಳೆದು ಬಿಳಿ ಹೊಗೆ ಬರ್ತಿತ್ತು. ಅದಿಲ್ಲ ಅಂದ್ರೆ ಡೈನಮೊ ಕಡೆಯ ಸೀಲ್ ಮೇಲೆ ನನ್ನ ಅನುಮಾನ, ಅಲ್ಲಿಂದ ಗಾಳಿ ಎಳೀತಿದೆ. ಗಾಳಿ ಹೆಚ್ಚಾದ್ರೆ ಪಿಸ್ಟನ್ ಕಾಯುತ್ತೆ, ಅದನ್ನ ಬದಲಾಯಿಸೋವರೆಗೆ ಗಿರಿ ಬೇಡ. ಕಾರ್ಬೊರೇಟರ್ ಬುಡದ ಪ್ಯಾಕಿಂಗ್ ಕೂಡ ಒಂದು ಸಲ ಬಿಗಿದು ನೋಡು.

ಡೈನಮೊ ಒಳಗೆ ತಿರುಗೋ ಆರ್ಮೇಚರ್ ಸುತ್ತಿಗೆಯಲ್ಲಿ ತೆಗೆಯೋಕೆ ಹೋಗಬೇಡ, ಕ್ರ್ಯಾಂಕ್ ಸೊಟ್ಟ ಆಗುತ್ತೆ. ಅದಕ್ಕೆ ಪುಲ್ಲರ್ ಬೋಲ್ಟ್ ಬೇಕು, ನನ್ನ ಹತ್ರ ಇದೆ. ಭಾನುವಾರ ಗಾಡಿನ ಪಿಕಪ್ ವ್ಯಾನಿಗೆ ಹಾಕಿಕೊಂಡು ಹಾಸನಕ್ಕೆ ಬಾ, ಮಧ್ಯಾಹ್ನ ಊಟ ನಮ್ಮನೇಲೇ. ಬಿಚ್ಚೋದು ನೀನು, ನಾನು ಪಕ್ಕದಲ್ಲಿ ಕೂತಿರ್ತೀನಿ.